ನಾಲ್ಕು ದಿನದ ಮೂವತ್ತೆಂಟು

ನಿವೃತ್ತ ಉಪಸಂಪಾದಕರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಬೆಂಕಿಪೊಟ್ಟಣ ತಂದರೆ ಕಡ್ಡಿ ಎಣಿಸುವರು. ಹಾಲು ತಂದರೆ ಅಳೆದು ನೋಡುವರು. (ಹೆಂಡತಿ ನಕ್ಕರೆ ಲಿಖಿತ ವಿವರಣೆ ಕೇಳುವುದೊಂದು ಬಾಕಿ.) ಅಂಥವರಿಗೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮೂವತ್ತು ವರ್ಷದ ವಿನಿಮಯ ದರಗಳ ಪಟ್ಟಿ ಸಿಕ್ಕರೆ ಕೇಳಬೇಕೆ! ಸಮುದ್ರದಾಚೆಯ ಒಂದು ದೇಶದ ಹಣಕ್ಕೆ ನಮ್ಮ ಹಣ ಎಷ್ಟು ಎಂದು ದಿನದಿನದ ಲೆಕ್ಕ. ಬೆರಳಾಡಿಸುತ್ತ ಹೋದವರು ಹನ್ನೊಂದು ವರ್ಷದ ಹಿಂದಿನ ಒಂದು ಗುರುವಾರಕ್ಕೆ ಬಂದು ಗಕ್ಕನೆ ನಿಂತರು. ನಲವತ್ತೊಂದು!

ಸಮ್ಮೇಳನಕ್ಕೆಂದು ಆ ದೇಶಕ್ಕೆ ಹೋಗಿ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿ ತಂದಿದ್ದ ಒಂದೊಂದರ ನಾನೂರು ನೋಟುಗಳನ್ನು ಅವರ ಭಾವಮೈದ ಕೊಂಡದ್ದು ಅದೇ ಗುರುವಾರ. ಅಲ್ಲಿಂದ ಹೊಲಿಗೆಯಂತ್ರ ತರಲು ಹೊರಟಿದ್ದ ದರ್ಜಿ ಅವನು. ಕೊಟ್ಟದ್ದು ಮೂವತ್ತೆಂಟರಂತೆ. ಸಾವಿರದ ಇನ್ನೂರು ಗುಳುಂ!

"ನಿನ್ನ ತಮ್ಮ ಕಳ್ಳ ಕಣೇ."

"ಹಾಗಾದ್ರೆ ಅವನು ಹೊಲಿದುಕೊಟ್ಟ ಅಂಗಿ ಬಿಚ್ಚಿಟ್ಟು ಮಾತಾಡಿ."

"ಭಾನುವಾರ ಊಟಕ್ಕೆ ಬರ್ತಾನಲ್ಲ, ಕೇಳ್ತೀನಿ. ದುಡ್ಡು ಇಡಬೇಕು, ಇಲ್ಲಾ ಈ ಹೊಸಿಲು ತುಳೀಬಾರದು."

"ನನ್ನ ತಮ್ಮ ತುಳೀದ ಹೊಸಿಲು ನನಗೂ ಬೇಡ. ನಿಮ್ಮ ಕಡ್ಡಿ ನೀವೇ ಎಣಿಸ್ಕೊಂಡು, ನೀವೇ ಒಲೆ ಹಚ್ಕೊಳ್ಳಿ!"

ಉಪಸಂಪಾದಕರು ಒಮ್ಮೆ ಒಲೆಯ ಕಡೆ ನೋಡಿದರು. ಆದರೆ ನ್ಯಾಯಕ್ಕೆ ನಿಂತವರು ಅಡುಗೆಮನೆಗೆ ಹೆದರಲಾದೀತೇ?

ಭಾನುವಾರ ದರ್ಜಿ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ದೋಷಾರೋಪ ಪಟ್ಟಿ ಓದಿದ್ದಾಯಿತು. ತುತ್ತು ಅಲ್ಲೇ ನಿಂತಿತು.

"ಭಾವ, ನಾನು ಕೊಟ್ಟಿದ್ದು ನಿಮ್ಮ ಪತ್ರಿಕೇಲಿದ್ದ ದರ."

"ಸುಳ್ಳು! ತೋರಿಸು ನೋಡೋಣ!"

ತೋರಿಸಿದವಳು ಹೆಂಡತಿ. ಗಂಡನ ಲೇಖನ ಬಂದ ಪತ್ರಿಕೆಗಳನ್ನೆಲ್ಲ ಆಕೆ ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. (ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರಿಗೆ ಅನುಮಾನವೇ ಬರದಿದ್ದ ಏಕೈಕ ಸಂಗತಿ.) ಆ ವಾರದ ನಾಲ್ಕು ಸಂಚಿಕೆಗಳನ್ನು ತಂದು ನೆಲದ ಮೇಲೆ ಹರಡಿದಳು. ನಾಲ್ಕರಲ್ಲೂ ಅವರದೇ ಗುಡುಗು: "ಅಳತೆ ಕದ್ದವರು", ತೂಕದಲ್ಲಿ ಮೋಸ ಮಾಡುವ ಅಂಗಡಿಯವರ ಮೇಲೆ ಲೇಖನಮಾಲೆ. ಪಕ್ಕದಲ್ಲೇ ಪುಟ್ಟ ಚೌಕದಲ್ಲಿ ವಿನಿಮಯ ದರ. ಸೋಮವಾರ ಮೂವತ್ತೆಂಟು. ಮಂಗಳವಾರ ಮೂವತ್ತೆಂಟು. ಬುಧವಾರ, ಗುರುವಾರ, ಮೂವತ್ತೆಂಟು.

"ಈ ಚೌಕ ತುಂಬಿಸ್ತಿದ್ದೋರು ಯಾರು ರೀ?"

ಉಪಸಂಪಾದಕರು ಕನ್ನಡಕ ಒರೆಸಿಕೊಂಡರು. ಒರೆಸಿದಷ್ಟೂ ಅಂಕಿ ಸ್ಪಷ್ಟವಾಯಿತು.

"ದಿನಾ ಮಧ್ಯಾಹ್ನ ಬ್ಯಾಂಕಿಗೆ ಫೋನ್ ಮಾಡಿ ಕೇಳ್ಬೇಕಿತ್ತು. ಆ ವಾರ ಲೇಖನದ ಭರದಲ್ಲಿ... ಹಿಂದಿನ ದಿನದ್ದನ್ನೇ..."

ದರ್ಜಿ ತುತ್ತು ನುಂಗಿದ. "ನಮ್ಮ ಬೀದಿಯೋರು ಸುಮಾರು ಜನ ಆ ವಾರ ತಮ್ಮ ಹತ್ರ ಇದ್ದ ಆ ದೇಶದ ನೋಟನ್ನ ಇದೇ ಮೂವತ್ತೆಂಟಕ್ಕೆ ಮಾರಿದ್ರು ಭಾವ. 'ನಿಮ್ಮ ಭಾವ ಬರೆದಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ' ಅಂತ."

ಹೆಂಡತಿ ತಮ್ಮನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಗುರುವಾರದ ಸಂಚಿಕೆ ಎತ್ತಿಕೊಂಡು ಲೇಖನದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: "ನಾಗರಿಕರೇ, ನಿಮ್ಮ ಅಳತೆ ಕದ್ದವನು ಎಷ್ಟೇ ದೊಡ್ಡವನಿರಲಿ, ಸುಮ್ಮನಿರಬೇಡಿ. ಅವನ ಮನೆ ಬಾಗಿಲಿಗೇ ಹೋಗಿ ಕೇಳಿ!"

ಉಪಸಂಪಾದಕರು ಎದ್ದುಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿ ಬಂದರು.