ಐನೂರು ಹೆಬ್ಬಾತು

ಹಕ್ಕಿ ಎಣಿಸಲು ಕೆರೆಗೆ ಹೋಗಿ ಬರೀ ಹಕ್ಕಿ ಎಣಿಸಿ ಬಂದದ್ದು ನನ್ನ ಮಟ್ಟಿಗೆ ಈವರೆಗೆ ಆಗಿಲ್ಲ.

ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಾನಗಲ್ಲ ಸೀಮೆಯ ನಮ್ಮೂರ ಕೆರೆಗೆ ಬರುತ್ತವೆ. ಎಣಿಸುವ ಸ್ವಯಂಸೇವಕರು ನಾವು ಆರು ಜನ. ಮನೆಯಲ್ಲಿ ಹಕ್ಕಿಯ ಪುಸ್ತಕಗಳಿವೆ ಎಂಬ ಒಂದೇ ಕಾರಣಕ್ಕೆ ನಾನು ಮುಖಂಡ. ಈ ಸಲ ಪಂಚಾಯ್ತಿ ಅಧ್ಯಕ್ಷರು ಮಾತು ಕೊಟ್ಟಿದ್ದರು: “ಐನೂರು ಹೆಬ್ಬಾತು ತೋರಸ್ರಿ, ಶಿವರಾತ್ರಿತನಕ ಕೆರ್ಯಾಗ ಮೀನಿನ ಬಲೆ ಹಾಕ್ಸಂಗಿಲ್ಲ.”

೧. ಹಿಮಾಲಯದ ಅತಿಥಿ

ಮೊದಲ ದಿನ ದಡದ ಬಳಿ ಒಂಟಿ ಹಕ್ಕಿ ಕಂಡಿತು. ಎದುರು ಬಿಸಿಲು, ಕನ್ನಡಕದ ಮೇಲೆ ದುರ್ಬೀನು. ಅದು ಹಿಮಶಿಖರ ದಾಟಿ ಬಂದ ಬಗೆಯನ್ನು ನಾನು ಜೊತೆಯವರಿಗೆ ಹತ್ತು ನಿಮಿಷ ವರ್ಣಿಸಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಎಲ್ಲ ಕೇಳಿಸಿಕೊಂಡು, “ಸರ, ಅದು ನಮ್ಮನಿ ಬಾತುರಿ. ತಡಸದಾಗಿನ ನಮ್ಮಕ್ಕ ಕೊಟ್ಟಾಳ. ಬಸ್ಸಿನ್ಯಾಗ ಬಂದೈತಿ” ಎಂದಳು.

೨. ದೇವರ ಪಾಲು

ಮುಂದಿನ ವಾರ ಹಿರೇಬೆಂಡಿಗೇರಿಯ ಹಿರಿಯ ರೈತರೊಬ್ಬರು ಜೊತೆಗೂಡಿದರು. ರಾಶಿ ಅಳೆಯುವಾಗಿನಂತೆ ಒಂದು ಎನ್ನದೆ, “ಲಾಭ, ಎರಡು, ಮೂರು...” ಎಂದು ಎಣಿಸುತ್ತ ಹೋಗಿ ನಾನೂರಾ ಎಂಬತ್ತಕ್ಕೆ ನಿಂತರು. ಇಪ್ಪತ್ತು ಕಡಿಮೆ! ವಿಚಾರಿಸಿದರೆ, ನಡುನಡುವೆ ಕೆಲವನ್ನು ದೇವರ ಪಾಲೆಂದು ಬಿಟ್ಟಿದ್ದರು.

ವಯಸ್ಸಿಗೂ ಬೆಲೆ ಕೊಡದೆ ರೇಗಿದೆ. “ಎಷ್ಟ್ ಬಿಟ್ರಿ, ಅದನ್ನರ ಹೇಳ್ರಿ!”

ಅವರು ಗಲ್ಲ ಬಡಿದುಕೊಂಡರು. “ದೇವರಿಗೆ ಕೊಟ್ಟಿದ್ದನ್ನ ಯಾರರ ಎಣಸ್ತಾರೇನ್ರಿ, ಸರ?”

ಮಿಕ್ಕವರು ನಕ್ಕದ್ದು ಅವರನ್ನು ನೋಡಿ ಅಲ್ಲ.

೩. ಕಲ್ಲೋ, ಹಕ್ಕಿಯೋ

ಕೊನೆಯ ದಿನ ಅಧ್ಯಕ್ಷರೇ ಬಂದರು. ಹೆಬ್ಬಾತುಗಳು ಹೊಟ್ಟೆತುಂಬ ಮೇದು, ಕತ್ತು ಮಡಚಿ ನಡುಗಡ್ಡೆಯ ಮೇಲೆ ಮಲಗಿದ್ದವು. ಐನೂರಕ್ಕೆ ಮೋಸವಿರಲಿಲ್ಲ.

“ಹಕ್ಕಿ ಎಲ್ಲಿ ಅದಾವ್ರಿ? ಬರೇ ಕಲ್ಲು ಕಾಣ್ತಾವಲ್ಲ” ಎಂದರು ಅಧ್ಯಕ್ಷರು.

ಯಾರೂ ಕೆಮ್ಮಬೇಡಿ ಎಂದು ಬೆಳಿಗ್ಗೆಯಿಂದ ಎಲ್ಲರಿಗೂ ತಾಕೀತು ಮಾಡಿದ್ದವನು ನಾನು. ಆದರೂ ಅವು ಹಕ್ಕಿಯೇ ಎಂದು ಎರಡು ಸಲ ಹೇಳಿದರೂ ಅಧ್ಯಕ್ಷರು ನಂಬದಿದ್ದಾಗ, ಓದಿಕೊಂಡವನ ಮಾತಿಗೆ ಇಷ್ಟೇ ಬೆಲೆಯೇ ಅನ್ನಿಸಿತು. ಎದ್ದುನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ.

ಕಲ್ಲುಗಳೆಲ್ಲ ಒಟ್ಟಿಗೆ ಎದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹೊಡೆದು, ಹಿರೇಕೆರೂರಿನ ದಿಕ್ಕು ಹಿಡಿದವು.

ಅಧ್ಯಕ್ಷರು ಖಾಲಿ ನಡುಗಡ್ಡೆ ನೋಡಿ ಒಪ್ಪಿಕೊಂಡರು. “ಹೌದ್ರಿ, ಹಕ್ಕೀನ. ಈಗ ಎಣಸ್ರಿ.”

ಮರುದಿನ ಬಲೆಯವರು ನೀರಿಗಿಳಿಯುವುದನ್ನು ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಹಿರೇಕೆರೂರು ಸೀಮೆಯ ಹಂಸಭಾವಿಯಲ್ಲಿ ಹಕ್ಕಿ ಎಣಿಸುವ ಸ್ವಯಂಸೇವಕನ ಫೋನು ಬಂತು.

“ಸರ, ನಿನ್ನಿ ನಮ್ಮ ಕೆರಿಗೆ ಒಮ್ಮಿಂದೊಮ್ಮೆಲೆ ಐನೂರಾ ಮೂವತ್ತು ಹೆಬ್ಬಾತು ಬಂದಾವ್ರಿ! ಎಂದೂ ಹಿಂಗ ಆಗಿದ್ದಿಲ್ಲ. ಏನ್ ಕಾರಣ ಇರಬೇಕ್ರಿ? ನೀವು ಓದಿದವ್ರು, ಹೇಳ್ರಿ.”

“ಹವಾಮಾನ” ಎಂದೆ.