ಮಾವನವರ ಮಳೆಯೂ ನನ್ನ ಹೊಸ ಕಂಪ್ಯೂಟರೂ

ಲೋಕವನ್ನು ತಿದ್ದಬೇಕೆಂಬ ಹಂಬಲವುಳ್ಳವರು ಮದುವೆಯಾಗಬಾರದೆಂದು ನಾನು ವಾದಿಸುವುದಿಲ್ಲ. ಮದುವೆಯಾದ ಮೇಲೆ ಹೊಸ್ತಿಲಾಚೆಯ ಲೋಕವನ್ನಷ್ಟೇ ತಿದ್ದುವುದು ಕ್ಷೇಮವೆಂಬುದು ಮಾತ್ರ ನನ್ನ ಈಗಿನ ನಮ್ರ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಸುಲಭವಾಗಿ ಬಂದವನಲ್ಲ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಗಳ ಹುಲಿ. 'ಮಾನ್ಯ ಸಭಾಧ್ಯಕ್ಷರೇ' ಎಂದು ಬಾಯಿ ತೆರೆದೆನೆಂದರೆ ಎದುರು ಪಕ್ಷದವರು ನೀರಿನ ಲೋಟ ಹುಡುಕುತ್ತಿದ್ದರು. ವಿಷಯದ ಪರವಾಗಿ ಗೆದ್ದು, ಮರುವರ್ಷ ಅದೇ ವಿಷಯದ ವಿರುದ್ಧವಾಗಿಯೂ ಗೆದ್ದ ಕೀರ್ತಿ ನನ್ನದು. ಆಗ ಬಂದ ಬೆಳ್ಳಿಬಣ್ಣದ ಬಟ್ಟಲೊಂದರಲ್ಲಿ ನನ್ನ ಹೆಂಡತಿ ಶೈಲಜಾ ಈಗ ಸೇಫ್ಟಿ ಪಿನ್ನುಗಳನ್ನು ಹಾಕಿಡುತ್ತಾಳೆ. ಅಂಥ ಘನ ಪರಂಪರೆಯ ನಾನು, ನಮ್ಮದೇ ಮನೆಯ ಆಫೀಸು ಕೋಣೆಯಲ್ಲಿ, ಅಪ್ಪಟ ತರ್ಕಬದ್ಧವಾದ ವಾದವೊಂದನ್ನು ಗೆದ್ದು ಹೇಗೆ ಪೇಚಿಗೆ ಸಿಲುಕಿದೆನೆಂಬುದನ್ನು ನಿಮ್ಮಲ್ಲಿ ಹೇಳಿಕೊಳ್ಳಬೇಕಾಗಿದೆ.

ತೊಂಬತ್ತರ ದಶಕದ ನಡುವಿನಲ್ಲಿ, ಬಣಕಲ್ ಸುತ್ತಿನ ಸಣ್ಣ ಕಾಫಿ ಬೆಳೆಗಾರರದೊಂದು ಕೂಟ ಕಟ್ಟಿಕೊಂಡು ನಾನೇ ಅದರ ಕಾರ್ಯದರ್ಶಿಯಾದೆ. ವಿಜ್ಞಾನದ ಬೆಳಕು ತೋಟದ ಕೊನೆಯ ಗಿಡಕ್ಕೂ ತಲುಪಬೇಕೆಂಬುದು ನನ್ನ ಧ್ಯೇಯವಾಗಿತ್ತು. ಅದಕ್ಕಾಗಿ ಒಂದು ಕಂಪ್ಯೂಟರು ತರಿಸಿ, ನಮ್ಮ ಮನೆಯ ಆಫೀಸು ಕೋಣೆಯಲ್ಲೇ ಇಟ್ಟು, ಬೆಳೆಗಾರರಿಗೆಲ್ಲ ತರಬೇತಿ ಏರ್ಪಡಿಸಿದೆ. ಮೊದಲ ದಿನ ಜನ ಕಿಕ್ಕಿರಿದು ಬಂದರು. ವಡೆ ಚೆನ್ನಾಗಿತ್ತೆಂಬ ಕಾರಣಕ್ಕೆ ಮರುದಿನವೂ ಬಂದರು. ವಡೆಯ ಬದಲು ಬಿಸ್ಕತ್ತು ಬಂದ ದಿನದಿಂದ ತರಗತಿ ಕರಗತೊಡಗಿ, ಕೊನೆಯವರೆಗೆ ಉಳಿದ ವಿದ್ಯಾರ್ಥಿ ಒಬ್ಬರೇ: ನನ್ನ ಮಾವ ಚನ್ನವೀರಪ್ಪನವರು. ಅವರು ಕಳಸದ ಕಡೆಯ ಎಸ್ಟೇಟೊಂದರಲ್ಲಿ ರೈಟರಾಗಿದ್ದು ನಿವೃತ್ತರಾದವರು. ಹಾಜರಿ, ಗೊಬ್ಬರ, ಮಳೆ ಎಲ್ಲವನ್ನೂ ಬರೆದಿಟ್ಟೇ ಆಯುಷ್ಯ ಕಳೆದವರು. ಅತ್ತೆ ತೀರಿಹೋದ ವರ್ಷ ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದವರು ಬೇಸರ ಕಳೆಯಲೆಂದು ನನ್ನ ತರಗತಿಗೆ ಕುಳಿತರು. ಕುಳಿತವರು ಒಂದು ಪ್ರೋಗ್ರಾಮನ್ನೇ ಬರೆದು ಎದ್ದರು.

ಅದು ಮಳೆಯ ಪ್ರೋಗ್ರಾಮು. ನಮ್ಮ ಕಡೆ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆಯುತ್ತಾರೆ. ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಎನ್ನುತ್ತಾರೆ. ಬೆಳಗಾದರೆ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಫೋನು: 'ನಿಮ್ಮಲ್ಲಿ ಎಷ್ಟು ಬಿತ್ತು?' ಆರೋಗ್ಯ ವಿಚಾರಿಸುವುದು ಆಮೇಲೆ. ಕೂಟದ ಸದಸ್ಯರು ತಮ್ಮ ತಮ್ಮ ಲೆಕ್ಕವನ್ನು ನಮ್ಮ ಮನೆಗೆ ಫೋನು ಮಾಡಿ ಹೇಳುವರು. ಮಾವನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಯಂತ್ರದ ಮುಂದೆ ಕುಳಿತಿರುವರು. ಕಪ್ಪು ಪರದೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಪಟ ಕನ್ನಡ, 'ಎಷ್ಟು ಬಿತ್ತು ಮಾರಾಯ?' ಎಂದು ಕೇಳುವುದು. ಸೊನ್ನೆ ಒತ್ತಿದರೆ 'ಇರಲಿ, ನಾಳೆ ನೋಡೋಣ' ಎಂದು ಸಮಾಧಾನ ಹೇಳುವುದು. ಬೇಸಿಗೆಯಲ್ಲಿ ಕಾಫಿ ಹೂವರಳಿಸುವ ಮಳೆ, ನಾವು ಹೂಮಳೆ ಎನ್ನುವುದು, ಒಂದಿಂಚು ದಾಟಿತೆಂದರೆ ಯಂತ್ರ ಕೀ ಎಂದು ಉದ್ದಕ್ಕೆ ಕೂಗುವುದು. ಆ ಕೂಗು ಕೇಳಿದರೆ ಶೈಲಜಾ ಕೇಸರಿಬಾತಿಗೆ ರವೆ ಹುರಿಯಲು ಇಡುತ್ತಿದ್ದಳು. ವೈಜ್ಞಾನಿಕ ಸಲಕರಣೆಗೆ ಇಷ್ಟೊಂದು ಮಾತು ಏಕೆಂದು ನಾನು ಕೇಳಿದ್ದುಂಟು. 'ಮಳೆ ಬರದಿದ್ದ ದಿನ ಯಾರಾದ್ರೂ ಒಂದು ಮಾತಾಡ್ಬೇಕಲ್ಲ ಅಳಿಯಂದ್ರೇ' ಎಂದಿದ್ದರು.

ಇಲ್ಲೊಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಕಳಸದಲ್ಲಿ ಅಂಗಡಿಯಿಟ್ಟಿರುವ ಒಳ್ಳೆಯ ಮಗನಿದ್ದೂ ಮಗಳ ಮನೆಯಲ್ಲಿ ಬಂದು ನೆಲೆಸುವುದು ನಮ್ಮವರಲ್ಲಿ ಗೌರವದ ಸಂಗತಿಯಲ್ಲ. ಅಳಿಯನ ಮನೆಯ ಅನ್ನ ಎಂದು ಯಾರಾದರೂ ಆಡಿಯಾರೆಂಬ ಅಳುಕು. ಆದರೆ ಅಂಗಡಿಯ ಮೇಲಿನ ಆ ಮನೆಯಲ್ಲಿ, ಅತ್ತೆಯಿಲ್ಲದ ಅಡುಗೆಮನೆಯನ್ನು ದಾಟಿ ಓಡಾಡುವುದು ಮಾವನವರಿಗೆ ಆಗುತ್ತಿರಲಿಲ್ಲ. ಆದ್ದರಿಂದ ಒಂದು ಒಪ್ಪಂದ ತಾನಾಗಿಯೇ ಏರ್ಪಟ್ಟಿತು. ಅವರು ನೆಲೆಸಲು ಬಂದವರಲ್ಲ. ಮಳೆ ಲೆಕ್ಕದ ಕೆಲಸಕ್ಕೆ ಬಂದವರು. ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ: 'ಕಂಪ್ಯೂಟರು ನನ್ನೊಬ್ಬನ ಕೈಗೇ ಕೂತಿದೆ ನೋಡಿ, ಬಿಟ್ಟು ಹೋಗೋಹಾಗಿಲ್ಲ. ಈ ಮಳೆಗಾಲ ಕಳೀಲಿ, ಹೊರಡೋದೇ.' ಹೀಗೆ ಮಳೆಗಾಲಗಳು ಕಳೆಯುತ್ತಲೇ ಇದ್ದವು. ಅವರ ಚೀಲ ಮಾತ್ರ ಯಾವಾಗಲೂ ಮಂಚದ ಕೆಳಗೆ, ನಾಳೆಯೇ ಹೊರಡುವವರ ಚೀಲದಂತೆ, ಬಾಯಿ ಮುಚ್ಚಿಕೊಂಡು ಕುಳಿತಿರುತ್ತಿತ್ತು. ಈ ಒಪ್ಪಂದ ಮನೆಯ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತೆಂದೇ ನಾನು ತಿಳಿದಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಳೆಯ ಯಂತ್ರ ಸುಸ್ತಾಯಿತು. ಕೂಟದ ಪರವಾಗಿ ಚಿಕ್ಕಮಗಳೂರಿನಿಂದ ಹೊಸದನ್ನು ತಂದೆ. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ. ನಮ್ಮ ಕಿಟಕಿಯಾಚೆ ಇರುವುದನ್ನೇ ಇವರು ಒಳಗೇಕೆ ಹಾಕಿದ್ದಾರೆಂದು ಶೈಲಜಾ ಕೇಳಿದಳು. ಅದನ್ನು ಕೂರಿಸಲು ಬಂದ ಅಂಗಡಿಯ ತಂತ್ರಜ್ಞ ಮಾವನವರ ಪ್ರೋಗ್ರಾಮನ್ನು ಹೊಸದಕ್ಕೆ ನಕಲು ಮಾಡಿ ಒತ್ತಿದ. ಕಪ್ಪು ಚೌಕವೊಂದು ಮಿಂಚಿ, ನಾಚಿದಂತೆ ಮಾಯವಾಯಿತು. ಮತ್ತೆ ಒತ್ತಿದ, ಮತ್ತೆ ಮಾಯ.

'ಇದು ಹಳೇ ಕಾಲದ್ದು ಸಾರ್. ಹೊಸ ಸಿಸ್ಟಮ್ಮಲ್ಲಿ ಡಿಫಾಲ್ಟಾಗಿ ಸಪೋರ್ಟ್ ಇಲ್ಲ. ಬೇಕು ಅಂದ್ರೆ ಎಲ್ಲೋ ಒಳಗೆ ಆನ್ ಮಾಡ್ಕೋಬೋದು. ಆದ್ರೆ ಈಗ ಯಾರಿಗ್ ಬೇಕು ಸಾರ್ ಅದು?' ಎಂದ.

ಮಾವನವರು ಅವನ ಹಿಂದೆಯೇ ಕಾಫಿ ಲೋಟ ಹಿಡಿದು ನಿಂತಿದ್ದರು. ಉತ್ತರ ಕೊಟ್ಟವನು ನಾನು. ವೇದಿಕೆ ಸಿಕ್ಕಿ ಬಹಳ ಕಾಲವಾಗಿತ್ತು. ಹಳೆಯದನ್ನು ಸಕಾಲದಲ್ಲಿ ಕೈಬಿಡುವುದೇ ಪ್ರಗತಿಯ ಲಕ್ಷಣವೆಂದೆ. ಜಗತ್ತೆಲ್ಲ ಮಿಲಿಮೀಟರಿನಲ್ಲಿ ಅಳೆಯುತ್ತಿರುವಾಗ ನಾವಿನ್ನೂ ಬ್ರಿಟಿಷ್ ದೊರೆಗಳು ಬಿಟ್ಟುಹೋದ ಇಂಚು ಹಿಡಿದು ಕೂರುವುದು ಸ್ವಾಭಿಮಾನಿಗಳ ಲಕ್ಷಣವಲ್ಲವೆಂದೆ. ಹೊಸ ಯಂತ್ರದ ಜೊತೆಗೇ ಬಂದಿರುವ ಕೋಷ್ಟಕದಲ್ಲಿ ಯಾರು ಬೇಕಾದರೂ ಮಳೆಯನ್ನು ತುಂಬಬಹುದು, ಒಬ್ಬರನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ ಎಂದು ಮುಗಿಸಿದೆ. ತಂತ್ರಜ್ಞ ತಲೆದೂಗಿದ. ಎದುರು ಪಕ್ಷದಿಂದ ಒಂದೇ ಮಾತು ಬಂತು.

'ಹೌದು, ನೀವು ಹೇಳೋದು ಸರಿ ಅಳಿಯಂದ್ರೇ' ಎಂದರು ಮಾವನವರು.

ಇಷ್ಟು ಸಂಪೂರ್ಣವಾದ ಗೆಲುವು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಮಂಚದ ಕೆಳಗಿನ ಚೀಲ ಮಂಚದ ಮೇಲಿತ್ತು. ಬಾಯಿ ತೆರೆದಿತ್ತು. ಮಾವನವರು ಪಂಚೆ ಮಡಿಸಿ ಅದರೊಳಗಿಡುತ್ತಿದ್ದರು. 'ಇಲ್ಲಿಯ ಕೆಲಸ ಮುಗೀತಲ್ಲ' ಎಂದರು ನಗುತ್ತಾ. 'ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ಬಣಕಲ್ ಪೇಟೆಗೆ ಹೋಗಿ ಟೈಮು ಕೇಳ್ಕೊಂಡು ಬರ್ತೀನಿ.' ಕೊಡೆ ಹಿಡಿದು ಹೊರಟೇಹೋದರು.

ಶೈಲಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಜಗಳವಾಡುವುದಿಲ್ಲ, ಪ್ರಶ್ನೆ ಕೇಳುತ್ತಾಳೆ.

'ಗೆದ್ರಾ?'

'ಶೈಲಾ, ಇದರಲ್ಲಿ ಗೆಲುವು ಸೋಲಿನ ಪ್ರಶ್ನೆಯೇ ಇಲ್ಲ. ಅವರು ಇಲ್ಲೇ ಇರಲಿ ಎಂದೇ ನನ್ನ ಆಸೆ. ಕೆಲಸವಿಲ್ಲದೆಯೂ ಇರಬಹುದಲ್ಲ? ನಾನೇ ಕೈಮುಗಿದು ಕೇಳುತ್ತೇನೆ.'

'ಕೆಲಸ ಇಲ್ದೆ ಅಳಿಯನ ಮನೇಲಿ ಕೂತು ಊಟ ಮಾಡಿ ಅಂತ ಕೈಮುಗಿದು ಕೇಳ್ತೀರಾ? ಅಷ್ಟು ಓದಿದ್ದೀರಿ, ಮಾರಾಯ್ರೆ! ಅಪ್ಪಯ್ಯ ಇಲ್ಲಿ ಇರೋದಕ್ಕೆ ಆ ಕೀ ಅನ್ನೋ ಡಬ್ಬ ಒಂದು ನೆವ. ಆ ನೆವವನ್ನೇ ತೆಗ್ದು ಹಾಕಿದ್ರಲ್ಲ.'

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ಹೇಳುವಾಗ ನನ್ನತ್ತ ನೋಡಲಿಲ್ಲ. 'ಅಮ್ಮ ಹೋದ್ಮೇಲೆ ಅಪ್ಪಯ್ಯ ನಕ್ಕಿದ್ದು ಆ ಪ್ರೋಗ್ರಾಮು ಮೊದಲ ಸಲ ಮಾತಾಡಿದ ದಿವ್ಸ.'

ನಾನು ಆಫೀಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈಬಿಟ್ಟ ಹಳೆಯದಕ್ಕೆ ಬೆಂಬಲ 'ಎಲ್ಲೋ ಒಳಗೆ' ಇದೆಯೆಂದು ತಂತ್ರಜ್ಞ ಹೇಳಿದ್ದನಲ್ಲ, ಆ ಒಳಗು ಎಲ್ಲಿದೆಯೆಂದು ಹುಡುಕತೊಡಗಿದೆ. ಬಲಗಡೆ ಒತ್ತಿದರೆ ಒಂದು ಪಟ್ಟಿ, ಪಟ್ಟಿಯೊಳಗೊಂದು ಕಿಟಕಿ, ಕಿಟಕಿಯೊಳಗೆ ಮತ್ತೊಂದು ಮಡಿಕೆ. ಪ್ರಗತಿಪರರು ಹಳೆಯದನ್ನು ಕೊಲ್ಲದೆ ಅಟ್ಟದ ಮೇಲೆ ಬಚ್ಚಿಡುತ್ತಾರೆಂಬುದು ನನಗೆ ಅಂದೇ ತಿಳಿದದ್ದು. ಹಳೆಯ ಯಂತ್ರವನ್ನು ಗುದ್ದಿ ಎಬ್ಬಿಸಿ, ಬೇಕಾದ ಕಡತಗಳನ್ನು ಫ್ಲಾಪಿಯಲ್ಲಿ ಹೊತ್ತು ತಂದೆ. ಇದು ಹಳೆಯ ಕಾಲದ್ದು, ಹಳೆಯ ಕಾಲದಂತೆಯೇ ನಡೆಸಿಕೋ ಎಂಬರ್ಥದ ಚೌಕದಲ್ಲಿ ಗುರುತು ಹಾಕಿದೆ. ಕಪ್ಪು ಪರದೆ ಬಂತು, ಮಾಯವಾಯಿತು. ಇನ್ನೊಂದು ಗುರುತು. ಮತ್ತೆ ಮಾಯ. ಕನ್ನಡಕದ ಗಾಜಿನ ಮೇಲೆ ಬೆವರು ಇಳಿಯಿತು. ಮಾನ್ಯ ಸಭಾಧ್ಯಕ್ಷರೇ ಎಂದು ಅದರೆದುರು ಹೇಳಿ ನೋಡಲಿಲ್ಲ, ಅಷ್ಟೇ.

ಹೊರಗೆ ಗುಡುಗಿತು. ಬೇಸಿಗೆಯ ಮೊದಲ ಮಳೆ ಚಾರ್ಮಾಡಿಯ ಕಡೆಯಿಂದ ಹೊಡೆದುಕೊಂಡು ಬಂದು, ನಮ್ಮ ತೋಟದ ಅಂಚನ್ನಷ್ಟೇ ಮುಟ್ಟಿ, ಬಣಕಲ್ ಮೇಲೆ ಸುರಿದು ಹೋಯಿತು. ಮಾವನವರು ಪೇಟೆಯಿಂದ ಪಂಚೆ ಒದ್ದೆ ಮಾಡಿಕೊಂಡು ಬಂದರು. ಅವರು ಚೀಲ ಕೈಗೆತ್ತಿಕೊಂಡು ಹೇಳಿ ಹೋಗಲೆಂದು ಕೋಣೆಯ ಬಾಗಿಲು ತಳ್ಳುವ ಹೊತ್ತಿಗೂ, ಫೋನು ಹೊಡೆದುಕೊಳ್ಳುವ ಹೊತ್ತಿಗೂ ಸರಿಹೋಯಿತು. ಅಭ್ಯಾಸಬಲದಿಂದ ಅವರೇ ಎತ್ತಿದರು. ಆ ಕಡೆಯವರು ನಮ್ಮ ಕೂಟದ ಹಿರಿಯ ಸದಸ್ಯ ಪುಟ್ಟೇಗೌಡರು. ಅವರ ದನಿ ಫೋನಿಲ್ಲದೆಯೂ ನಮ್ಮ ಮನೆಗೆ ಕೇಳುವಂಥದ್ದು.

'ಚನ್ನವೀರಪ್ನೋರೇ, ಹೊಡೀತಲ್ಲಪ್ಪ! ಒಂದಿಂಚು ಹತ್ತು ಸೆಂಟು! ಅದೇನೋ ಸೆಕ್ರೆಟರಿಗಳು ಇನ್ಮೇಲೆ ಮಿಲಿಮೀಟ್ರಲ್ಲಿ ಹೇಳಿ ಅಂದ್ರಂತೆ? ನಮ್ಮ ಗಿಡಕ್ಕೆ ಇಂಗ್ಲಿಷ್ ಮಳೆ ಅಭ್ಯಾಸ ಆಗೋಗಿದೆ ಅಂತ ಹೇಳಿ ಅವ್ರಿಗೆ!'

ಮಾವನವರು ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಫೋನು ಹಿಡಿದು ನನ್ನನ್ನು ನೋಡಿದರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಹಸಿರು ಗುಡ್ಡದ ನಡುವೆ ಒಂದು ಪುಟ್ಟ ಕಪ್ಪು ಚೌಕ, ಮೊದಲಿನಷ್ಟು ದೊಡ್ಡದಲ್ಲ, ಆದರೆ ಮಾಯವಾಗದೆ ನಿಂತಿತ್ತು. 'ಎಷ್ಟು ಬಿತ್ತು ಮಾರಾಯ?'

'ಹೊಸ ಯಂತ್ರ ಯಾಕೋ ಕೇಳುತ್ತಿದೆ' ಎಂದೆ. 'ನನ್ನ ಕೈಗೆ ಇದು ಬಗ್ಗುವುದಿಲ್ಲ. ಕೋಷ್ಟಕವೂ ಅಷ್ಟೇನೂ ಭರವಸೆಯದ್ದಲ್ಲ. ಕೂಟದ ಹಿತದೃಷ್ಟಿಯಿಂದ ತಾವು ಈ ಒಂದು ಮಳೆಗಾಲ...'

ವಿಷಯದ ವಿರುದ್ಧವಾಗಿ ಇಷ್ಟು ಕೆಟ್ಟದಾಗಿ ನಾನೆಂದೂ ಮಾತನಾಡಿರಲಿಲ್ಲ. ಅವರು ಚೀಲವನ್ನು ಕುರ್ಚಿಯ ಪಕ್ಕಕ್ಕಿಟ್ಟು ಕುಳಿತರು. ಒತ್ತಿದರು. ಕೀ ಎಂದು ಉದ್ದಕ್ಕೆ ಕೂಗಿತು. ಅಡುಗೆಮನೆಯಲ್ಲಿ ಬಾಣಲೆ ಒಲೆಗೇರಿದ ಸದ್ದಾಯಿತು. 'ಈ ಮಳೆಗಾಲ ಕಳೀಲಿ ಹಾಗಾದ್ರೆ' ಎಂದರು ಮಾವನವರು. ಕಳಸದ ಬಸ್ಸು ಹಾರನ್ನು ಹೊಡೆದುಕೊಂಡು ರಸ್ತೆಯಲ್ಲಿ ಹೋಯಿತು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇನ್ನೊಂದು ಬಟ್ಟಲಿಗೆ ಅರ್ಹನಾಗುತ್ತಿದ್ದೆ. ಆ ವರ್ಷದ ಮಳೆಗಾಲವೂ ಕಳೆದು ಹಿಂಗಾರಿನ ಮಳೆ ಬರುತ್ತಿದ್ದಾಗ, ಒಂದು ಬೆಳಿಗ್ಗೆ ತೋಟದಿಂದ ಬೇಗನೆ ಬಂದೆ. ಮಾವನವರು ಯಂತ್ರದ ಮುಂದಿದ್ದರು. ಪರದೆಯ ಮೇಲಿದ್ದದ್ದು ನನ್ನ ಕೋಷ್ಟಕ. ಮಳೆಯನ್ನು ಮಿಲಿಮೀಟರಿನಲ್ಲಿ, ನನಗಿಂತ ಚುರುಕಾಗಿ, ತುಂಬುತ್ತಿದ್ದರು. ಅದು ಮುಗಿದ ಮೇಲೆ ಕಪ್ಪು ಚೌಕವನ್ನು ತೆರೆದರು.

'ಇದನ್ನು ಯಾವಾಗ ಕಲಿತಿರಿ?' ಎಂದೆ.

'ಬಸ್ಸು ತಪ್ಪಿದ ಆ ವಾರವೇ. ನೀವು ತೋಟಕ್ಕೆ ಹೋದಾಗ ಶೈಲು ಕೂತು ಹೇಳಿಕೊಟ್ಳು. ಚೆನ್ನಾಗಿದೆ, ಸುಲಭ.'

'ಮತ್ತೆ ಇದು?' ಎಂದು ಕಪ್ಪು ಚೌಕವನ್ನು ತೋರಿಸಿದೆ.

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. 'ಅಷ್ಟು ಬೆವರು ಸುರಿಸಿ ಎಬ್ಬಿಸಿದ್ದೀರಿ ಅಳಿಯಂದ್ರೇ. ಈಗ ಬಿಟ್ಟುಬಿಟ್ರೆ ನಿಮಗೆ ಹ್ಯಾಗಾಗ್ಬೇಡ? ಇರ್ಲಿ, ಅದರ ಪಾಡಿಗೆ ಅದು ನಡೀಲಿ ಅಂತ.'

ನಾನು ಕುರ್ಚಿ ಎಳೆದು ಅವರ ಪಕ್ಕ ಕುಳಿತೆ. ಹಳೆಯದನ್ನು ಸಕಾಲದಲ್ಲಿ ಕೈಬಿಡಬೇಕೆಂಬ ತತ್ವವನ್ನು ಈ ಮನೆಯವರು ಅಕ್ಷರಶಃ ಪಾಲಿಸಿದ್ದರೆ ಮೊದಲು ಹೊರಬೀಳಬೇಕಾಗಿದ್ದವರು ಯಾರೆಂದು ಯೋಚಿಸುತ್ತಾ, ಮಾತು ಬದಲಿಸಲು, 'ನಿನ್ನೆ ನಮ್ಮಲ್ಲಿ ಎಷ್ಟು ಬಿತ್ತು?' ಎಂದು ಕೇಳಿದೆ.

'ಇಂಚಲ್ಲಿ ಹೇಳ್ಲೋ, ನಿಮ್ಮ ಮಿಲಿಮೀಟ್ರಲ್ಲೋ?' ಎಂದರು ಬಹಳ ಮರ್ಯಾದೆಯಿಂದ.

'ಇಂಚಲ್ಲೇ ಹೇಳಿ' ಎಂದೆ.