ಸೇಬಿನ ತೋಟದಲ್ಲಿ ಮೊಸರನ್ನ

ನೆಮ್ಮದಿಯಾಗಿ ಒಂದು ದಿನ ಹೊರಗೆ ಹೋಗಿಬಂದೆವು ಅಂತ ಹೇಳಿಕೊಳ್ಳೋ ಯೋಗ ನಮ್ಮ ಮನೆಗಿಲ್ಲ. ಬೇರೆಯವರು ಟ್ರಿಪ್ ಹೋದರೆ ಫೋಟೋ ತರ್ತಾರೆ, ನಾವು ಹೋದರೆ ಏನಾದರೊಂದು ಪ್ರಸಂಗ ತರ್ತೀವಿ. ಅದರಲ್ಲೂ ಮಗು ಹುಟ್ಟಿದ ಮೇಲೆ ನನ್ನ ಎದೆಬಡಿತ ಒಂದು ದಿನವೂ ಹದಕ್ಕೆ ಬಂದಿಲ್ಲ. ಈ ಏಪ್ರಿಲ್‌ನಲ್ಲಿ ಸೇಬಿನ ತೋಟಕ್ಕೆ ಹೋಗಿದ್ದೆವಲ್ಲ, ಆ ಕಥೆ ಕೇಳಿ.

ಒಂದು ಫೋಟೋ ಬಂತು

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರೋ ನನ್ನ ನಾದಿನಿ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಹಾಕಿದಳು. ಅವಳ ಪುಟ್ಟ ಮಗಳು ಯಾವುದೋ ತೋಟದಲ್ಲಿ ನಿಂತು, ತನ್ನ ಕೆನ್ನೆಗಿಂತ ದೊಡ್ಡ ಸೇಬನ್ನ ಕಚ್ಚುತ್ತಿದ್ದಳು. ಇಲ್ಲಿ ಮೆಲ್ಬರ್ನ್‌ನಲ್ಲಿ, ವಿಂಡಮ್ ವೇಲ್‌ನ ನಮ್ಮ ಅಡುಗೆಮನೆಯಲ್ಲಿ, ಇನ್ನೂ ಎರಡು ವರ್ಷ ತುಂಬದ ನನ್ನ ಮಗ ಅದೇ ಹೊತ್ತಿಗೆ ಇಡ್ಲಿಯನ್ನ ಥೂ ಅಂತ ಉಗಿದ.

ನನ್ನ ಮಗ ಊಟ ಮಾಡಲ್ಲ. ಇದೇ ನನ್ನ ದೊಡ್ಡ ಚಿಂತೆ. ಮಕ್ಕಳ ತೂಕ ನೋಡೋ ನರ್ಸ್ ಹೋದ ಸಲ, "ಸ್ವಲ್ಪ ಗಮನ ಇಡೋಣ, ಮುಂದಿನ ಸಲ ಮತ್ತೆ ತೂಕ ಮಾಡೋಣ" ಅಂದಿದ್ದರು. ಅವರು ನಗುನಗ್ತಾನೇ ಹೇಳಿದ್ದು. ನನಗೆ ಮಾತ್ರ ಅವತ್ತಿಂದ ನಿದ್ದೆ ಇಲ್ಲ.

ಮೈಸೂರಿಂದ ಬಂದು ನಮ್ಮ ಜೊತೆ ಇದ್ದ ಅತ್ತೆ ಫೋಟೋ ನೋಡಿ ನಿಟ್ಟುಸಿರು ಬಿಟ್ಟರು. "ನನ್ನ ಮಗಳು ಹೇಗೆ ತಿನ್ನಿಸ್ತಾಳೆ ನೋಡು. ನೀನು ಮಗೂನ ಅಮುಕಿ ಹಿಡ್ಕೊಂಡು ತುರುಕ್ತೀಯ. ತಿನ್ನಿಸೋಕೂ ಕೈಗುಣ ಬೇಕಮ್ಮ."

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಯಜಮಾನರು ತಕ್ಷಣ ಫೋನ್ ತೆಗೆದು ತೋಟಕ್ಕೆ ಬುಕ್ ಮಾಡಿದರು. "ಮರದಿಂದ ಕಿತ್ಕೊಟ್ರೆ ತಿಂತಾನೆ ಬಿಡು."

"ಅಂಗಡಿ ಸೇಬು ತಿನ್ನದವನು ಮರದ್ದು ತಿಂತಾನೇನೋ?" ಅಂದರು ಅತ್ತೆ.

"ಯಾಕಮ್ಮ, ನೀನು ದೇವರಿಗೆ ಅಂಗಡಿ ಹೂವು ಬಿಟ್ಟು, ಪಕ್ಕದ ಮನೆ ಕಾಂಪೌಂಡಿನ ಹೂವನ್ನೇ ಇಡ್ತಿರಲಿಲ್ವಾ? ಕಿತ್ಕೊಂಡು ಬಂದಿದ್ದಕ್ಕೇ ರುಚಿ."

ದೃಷ್ಟಿಬೊಟ್ಟು

ಹೊರಡೋ ದಿನ ನಾನು ಕಟ್ಟಿಕೊಂಡಿದ್ದು: ಮೊಸರನ್ನದ ಡಬ್ಬಿ, ಪುಳಿಯೋಗರೆ, ಕಾಯಿಸಿ ಆರಿಸಿದ ನೀರು, ಬದಲಿ ಬಟ್ಟೆ, ಜ್ವರದ ಔಷಧಿ, ಹಾವು ಕಚ್ಚಿದರೆ ಸುತ್ತೋ ಬ್ಯಾಂಡೇಜು. "ಸೇಬಿನ ತೋಟಕ್ಕೋ ಕಾಶಿಗೋ?" ಅಂತ ಯಜಮಾನರು ಕೇಳಿದರು. ಅತ್ತೆ ಇಷ್ಟೆಲ್ಲಾ ಗಲಾಟೆಯಲ್ಲಿ ತಮ್ಮ ಕನ್ನಡಕವನ್ನೇ ಟಿವಿ ಪಕ್ಕ ಬಿಟ್ಟು ಬಂದಿದ್ದರು. ಆದರೆ ಮಗನ ಕೆನ್ನೆಗೆ ದೃಷ್ಟಿಬೊಟ್ಟು ಇಡೋದನ್ನ, ಕಾಡಿಗೆ ಡಬ್ಬಿ ತರೋದನ್ನ ಮರೆತಿರಲಿಲ್ಲ.

ಗೇಟಿನಲ್ಲಿ ಟಿಕೆಟ್ ನೋಡೋ ಹುಡುಗಿ ಮಗನನ್ನ ಮುದ್ದು ಮಾಡಿ, "ಅಯ್ಯೋ, ಕೆನ್ನೆಗೆ ಏನೋ ಕೊಳೆ ಮೆತ್ತಿಕೊಂಡಿದೆ" ಅಂತ ಒದ್ದೆ ಟಿಶ್ಯೂ ತೆಗೆದು ದೃಷ್ಟಿಬೊಟ್ಟನ್ನ ನೀಟಾಗಿ ಒರೆಸಿಬಿಟ್ಟಳು. ಅತ್ತೆ ಮುಖ ನೋಡಬೇಕಿತ್ತು! ಆ ಹುಡುಗಿ ಪಾಪ, "ನೋ ವರೀಸ್" ಅಂತ ಬೇರೆ ಅಂದಳು.

ನಾಲ್ಕು ಹೆಜ್ಜೆ ಆಚೆ ಹೋದದ್ದೇ ತಡ, ಅತ್ತೆ ಕಾಡಿಗೆ ತೆಗೆದು, ಕಣ್ಣು ಸರಿಯಾಗಿ ಕಾಣದ ಅಂದಾಜಿನಲ್ಲಿ ನಾಲ್ಕಾಣೆ ಅಗಲದ ಬೊಟ್ಟು ಒತ್ತಿದರು. "ಈಗ ಯಾವಳು ಒರೆಸ್ತಾಳೋ ನೋಡೇಬಿಡ್ತೀನಿ."

ಆರಿಸೋ ಅಭ್ಯಾಸ

ತೋಟದವನು ಸೇಬನ್ನ ಎಳೆಯಬಾರದು, ಮೇಲೆತ್ತಿ ತಿರುಗಿಸಬೇಕು ಅಂತ ತೋರಿಸಿಕೊಟ್ಟ. ಅತ್ತೆ ಹಾಗೇ ಮಾಡಿದರು. ಆದರೆ ಕಿತ್ತ ಮೇಲೆ ದೇವರಾಜ ಮಾರ್ಕೆಟ್ಟಿನ ಅಭ್ಯಾಸ ಬಿಡುತ್ತಾ? ಒಂದೊಂದನ್ನೂ ಸವರಿ, ಅಮುಕಿ, ಮೂಸಿ ನೋಡಿ, ಒಂದು ಹಣ್ಣನ್ನ ಮತ್ತೆ ಕೊಂಬೆ ಸಂದಿಗೆ ಸಿಕ್ಕಿಸೋಕೆ ಶುರುಮಾಡಿದರು. "ಇದು ಒಂದು ಕಡೆ ಮೆತ್ತಗಿದೆ, ವಾಪಸ್ ಇಡ್ತಿದೀನಿ." ನಾನು ಯಾರಾದರೂ ನೋಡಿದರಾ ಅಂತ ಸುತ್ತ ಕಣ್ಣಾಡಿಸಿದೆ.

ಮಗನಿಗೆ ಒಂದು ಕೆಂಪು ಸೇಬು ತೊಳೆದು ಕೊಟ್ಟೆ. ನೆಕ್ಕಿದ. ಇನ್ನೇನು ಕಚ್ಚಿಯೇಬಿಟ್ಟ ಅಂದುಕೊಂಡೆ. ಮರುಕ್ಷಣ ಅದನ್ನ ಕೆಳಗೆ ಹಾಕಿ, ಉದುರಿದ್ದ ಹಳದಿ ಎಲೆಯೊಂದನ್ನ ಎತ್ತಿ ಬಾಯಿಗಿಟ್ಟುಕೊಂಡ. ನಾನು ಕಿರುಚಿ, ಬೆರಳು ಹಾಕಿ, ಎಲೆ ತೆಗೆದೆ.

"ತೆಗೀಬೇಡ್ವೇ," ಅಂದರು ಯಜಮಾನರು, "ಬೆಳಗ್ಗೆಯಿಂದ ಅವನಾಗೇ ಬಾಯಿಗೆ ಹಾಕ್ಕೊಂಡಿದ್ದು ಅದೊಂದೇ."

ನಿನ್ನ ಹತ್ರ ಇಲ್ವಾ?

ಅತ್ತೆ ಮಂಡಿನೋವು ಅಂತ ದೂರದಲ್ಲಿ ಮರದಡಿ ಚಾಪೆ ಹಾಸಿ ಕೂತರು. ನಾವು ಬುಟ್ಟಿ ತುಂಬಿಸುತ್ತಿದ್ದೆವು. ಮಗು ಯಜಮಾನರ ಹತ್ತಿರ ಇದೆ ಅಂತ ನಾನು, ನನ್ನ ಹತ್ತಿರ ಇದೆ ಅಂತ ಅವರು.

"ಪುಟ್ಟ ಎಲ್ಲಿ?"

"ನಿನ್ನ ಹತ್ರ ಇಲ್ವಾ?"

ಆ ಒಂದು ಕ್ಷಣ ನನ್ನ ಶತ್ರುವಿಗೂ ಬೇಡ. ಸಾಲುಸಾಲು ಮರ, ಎಲ್ಲ ಸಾಲೂ ಒಂದೇ ಥರ. ಹೆಸರು ಕೂಗಿಕೊಂಡು ಓಡಿದೆ. ಆಚೆ ನೀರಿನ ಹೊಂಡ ಇದೆಯಾ, ರಸ್ತೆ ಇದೆಯಾ, ಹಾವು ಇದೆಯಾ, ಏನೇನೋ ಯೋಚನೆ. "ತಾಯಿ ಚಾಮುಂಡಿ, ಮಗು ಒಂದು ಸಿಕ್ಕಿಬಿಡಲಿ. ಇನ್ನು ಜನ್ಮದಲ್ಲಿ ಅವನಿಗೆ ಒಂದು ತುತ್ತೂ ಬಲವಂತ ಮಾಡಲ್ಲ" ಅಂತ ಹರಕೆ ಹೊತ್ತೆ. ಅತ್ತೆಗೆ ಹೇಳೋ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ.

ಕಿತ್ತಳೆ ಜಾಕೆಟ್ಟಿನ ತೋಟದವನು ಓಡಿಬಂದ. ಗುರುತು ಹೇಳಿ ಅಂದ.

"ನೀಲಿ ಟೋಪಿ, ಕೆನ್ನೆ ಮೇಲೆ ಕಪ್ಪು ಬೊಟ್ಟು!"

ಅವನು ಪಿಕ್ನಿಕ್ ಜಾಗದ ಕಡೆ ತಿರುಗಿ ನೋಡಿದ. ಲಾಂಗ್ ವೀಕೆಂಡ್ ಬೇರೆ, ನಮ್ಮ ದೇಶದವರೇ ತುಂಬಿದ್ದರು. ಅದೇ ಅಗ್ಗದ ಅಂಗಡಿಯ ನೀಲಿ ಟೋಪಿ, ಅದೇ ಕಪ್ಪು ಬೊಟ್ಟು ಅಲ್ಲೊಂದು, ಇಲ್ಲೊಂದು, ಉಯ್ಯಾಲೆ ಹತ್ತಿರ ಇನ್ನೊಂದು. ಅವನು ಬಹಳ ವಿನಯದಿಂದ ಕೇಳಿದ, "ಇವರಲ್ಲಿ ಯಾರು ನಿಮ್ಮವರು?"

ಕೈಗುಣ

ಸಿಕ್ಕಿದ! ಯಾರದೋ ಚಾಪೆ ಮೇಲೆ, ಗುರುತು ಪರಿಚಯ ಇಲ್ಲದ ಹೆಂಗಸಿನ ಮುಂದೆ ಕೂತು, ಅವರು ಕಲಸಿ ಕಲಸಿ ಇಡುತ್ತಿದ್ದ ಬಿಸಿಬೇಳೆಬಾತಿಗೆ ಹಕ್ಕಿಮರಿ ಥರ ಬಾಯಿ ತೆರೆಯುತ್ತಿದ್ದ. ನಾನು ಅಲ್ಲೇ ಕುಸಿದು ಅವನನ್ನ ಅಪ್ಪಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಅವನು ನನ್ನ ಭುಜದ ಮೇಲಿಂದ ಮುಂದಿನ ತುತ್ತಿಗೆ ಬಾಯಿ ತೆರೆದ.

"ಈಗ ತಾನೇ ಬಂದು ಕೂತ," ಅಂದಳು ಆಕೆ, ಕನ್ನಡದಲ್ಲೇ. "ನಿಮ್ಮನ್ನ ಹುಡುಕೋಣ ಅಂತಿದ್ದೆ, ಅಷ್ಟರಲ್ಲಿ 'ಆ' ಅಂತ ಬಾಯಿ ತೆರೆದ. ಪಾಪ, ಎಷ್ಟು ಹಸಿದಿದ್ದನೋ! ನಮ್ಮವನು ಒಂದು ಅಗುಳೂ ಮುಟ್ಟಲ್ಲ ನೋಡಿ."

"ನಿಮ್ಮವನು ಎಲ್ಲಿ?"

"ಅವರಪ್ಪನ ಜೊತೆ ಇದಾನೆ."

ಅಷ್ಟರಲ್ಲಿ ಅವರಪ್ಪ ಬುಟ್ಟಿ ಹಿಡಿದು ಒಬ್ಬರೇ ಬಂದರು. "ಪಾಪು ನಿನ್ನ ಹತ್ರ ಇಲ್ವಾ?"

ಈಗ ಓಡೋ ಸರದಿ ಅವರದು. ನಾವೂ ಮಗನನ್ನ ಎತ್ತಿಕೊಂಡು ಹಿಂದೆಯೇ ಓಡಿದೆವು. ಸಾಲು ದಾಟಿ ನಮ್ಮ ಚಾಪೆ ಕಂಡಿದ್ದೇ, ಎಲ್ಲರೂ ನಿಂತುಬಿಟ್ಟೆವು.

ಅತ್ತೆ ಕಾಲು ಚಾಚಿ ಕೂತಿದ್ದಾರೆ. ತೊಡೆ ಮೇಲೊಂದು ಮಗು, ತಲೆಗೆ ನೀಲಿ ಟೋಪಿ, ಕೆನ್ನೆಯಲ್ಲಿ ಕಪ್ಪು ಬೊಟ್ಟು. ಮೊಸರನ್ನದ ಡಬ್ಬಿ ಖಾಲಿ. ನನ್ನ ಹೆಜ್ಜೆ ಸದ್ದು ಕೇಳಿ, ತಲೆಯನ್ನೂ ಎತ್ತದೆ, ಗೆದ್ದ ಧ್ವನಿಯಲ್ಲಿ ಹೇಳಿದರು, "ಬಂದೆಯಾ? ನೋಡು, ಕೆರೆದು ಕೆರೆದು ತಿಂದ. ಹೋಗಿ ನಿನ್ನ ನರ್ಸಿಗೆ ಹೇಳು. ಮಗೂದು ಏನೂ ತಪ್ಪಿಲ್ಲಮ್ಮ, ಎಲ್ಲ ತಿನ್ನಿಸೋ ಕೈಲಿರೋದು!"

ಆ ತಾಯಿ ಅಳುತ್ತಾ ನಗುತ್ತಾ ಕೈಚಾಚಿದಳು. "ಆಂಟಿ, ಅದು ನಮ್ಮವನು."

ಅತ್ತೆ ಕಣ್ಣು ಕಿರಿದು ಮಾಡಿ ತೊಡೆ ಮೇಲಿದ್ದವನನ್ನ ನೋಡಿದರು, ನನ್ನ ಸೊಂಟದ ಮೇಲಿದ್ದವನನ್ನ ನೋಡಿದರು. ಸೆರಗಿನಿಂದ ಆ ಮಗುವಿನ ಬಾಯಿ ಒರೆಸಿ, "ಯಾರ ಮನೇದಾದ್ರೇನು, ಹೊಟ್ಟೆ ತುಂಬ್ತಲ್ಲ" ಅಂದರು.

ಆಮೇಲೆ ಗೊತ್ತಾಯಿತು, ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಒಂದೇ ಸಬರ್ಬ್‌ನಲ್ಲಿದ್ದು ಮುಖ ನೋಡಿರಲಿಲ್ಲ. ಈಗ ಶನಿವಾರ, ಭಾನುವಾರ ಊಟದ ಹೊತ್ತಿಗೆ ಅವಳ ಮಗ ನಮ್ಮ ಮನೆಗೆ, ನನ್ನ ಮಗ ಅವಳ ಮನೆಗೆ. ಇಬ್ಬರೂ ತಟ್ಟೆ ನೆಕ್ಕಿ ಬರ್ತಾರೆ. ಚಾಮುಂಡಿಗೆ ಕೊಟ್ಟ ಮಾತೂ ಉಳಿಯಿತು.

ಮೊನ್ನೆ ನರ್ಸ್ ತೂಕ ನೋಡಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅವರು ನಕ್ಕರು. "ಚೆನ್ನಾಗಿ ಏರಿದೆ! ಏನು ಬದಲಾಯಿಸಿದ್ರಿ? ಅಡುಗೆನಾ?"

"ಇಲ್ಲ," ಅಂದೆ, "ಅಮ್ಮನ್ನ."